ಕೊನೆಯ ಊರು ಕವಲಂದೆ

ಭಾನುವಾರ, ಫೆಬ್ರವರಿ ೮. ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಟಿ. ನರಸೀಪುರದ ನನ್ನ ಬಾಡಿಗೆ ಕೋಣೆಯಲ್ಲಿ ಬರೆಯಲು ಕೂತಿದ್ದೇನೆ.

ನನ್ನ ಹತ್ತಿರ ನಲವತ್ತಮೂರು ರೆಕಾರ್ಡಿಂಗುಗಳಿವೆ. ಪ್ರತಿಯೊಂದಕ್ಕೂ ದಿನಾಂಕ, ಊರು, ಶುರುವಾದ ಹೊತ್ತು, ಮುಗಿದ ಹೊತ್ತು ಬರೆದಿಟ್ಟಿದ್ದೇನೆ. ಶಾಲೆಯ ವಾರ್ಷಿಕೋತ್ಸವ ಹದಿನೇಳು, ಮದುವೆ ಒಂಬತ್ತು, ಬೀಳ್ಕೊಡುಗೆ ಸಮಾರಂಭ ಆರು, ಉಳಿದದ್ದು ಇತರೆ. ಎಲ್ಲಕ್ಕೂ ಮೈಕು ಕಟ್ಟಿದವರು ಒಬ್ಬರೇ. ಅವರ ದನಿ ಮಾತ್ರ ಒಂದರಲ್ಲೂ ಇಲ್ಲ.

ಅವರು ತೀರಿಕೊಂಡು ಹನ್ನೊಂದು ವಾರ ಮೂರು ದಿನವಾಯಿತು. ಅವರ ತಂಗಿ ನನ್ನನ್ನು ಕೇಳಿದ್ದು ಒಂದೇ: ಅಣ್ಣನ ದನಿಯನ್ನು ಇನ್ನೊಂದು ಸಲ ಕೇಳಿಸಬೇಕು. ಇದನ್ನು ಬರೆಯುತ್ತಿರುವುದು ಅದಕ್ಕಾಗಿ. ಹೆಸರು ಹಾಕಲೇ ಎಂದು ತಂಗಿಯನ್ನು ಕೇಳಿದೆ. "ಎಸ್ರು ಯಾರ್ಗವ್ವ ಗೊತ್ತು? ಮೈಕ್‌ಸೆಟ್ಟಿನೋನು ಅನ್ನು, ತಿಳೀತದೆ" ಎಂದರು. ಹಾಗಾಗಿ ಹೆಸರು ಇಲ್ಲ.

ನಾನು ಇಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಅವರನ್ನು ಮೊದಲು ಕಂಡದ್ದು ಒಂದು ಆಗಸ್ಟ್ ೧೪ರಂದು, ಸ್ವಾತಂತ್ರ್ಯ ದಿನದ ತಾಲೀಮಿನಲ್ಲಿ. ಕಾಲೇಜಿನ ಮೈಕು ಕಿವಿ ಸೀಳುವಂತೆ ಕಿರುಚುತ್ತಿತ್ತು. ವಾಲ್ಯೂಮ್ ಇಳಿಸಿದರೆ ಮಾತೇ ಕೇಳದು, ಏರಿಸಿದರೆ ಮತ್ತೆ ಕಿರುಚು. ಪ್ರಿನ್ಸಿಪಾಲರು ನಂಜನಗೂಡಿಗೆ ಫೋನ್ ಮಾಡಿದರು. ಒಂದು ಗಂಟೆಯೊಳಗೆ ಗೂಡ್ಸ್ ಆಟೋದಲ್ಲಿ ಒಬ್ಬರು ಬಂದು ಇಳಿದರು. ಸಣಕಲು ಮೈ, ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಟೆಸ್ಟರು. ಯಂತ್ರಗಳನ್ನು ಮುಟ್ಟಲೂ ಇಲ್ಲ. ಭಾಷಣದ ಮೇಜಿನ ಹಿಂದಿದ್ದ ಸ್ಪೀಕರನ್ನು ತಬ್ಬಿ ಎತ್ತಿ, ವೇದಿಕೆಯ ಮುಂದಕ್ಕೆ ತಂದು, ಜನರ ಕಡೆ ಮುಖ ಮಾಡಿ ಇಟ್ಟರು. ಕಿರುಚು ನಿಂತಿತು.

"ಇಷ್ಟೇನಾ?" ಎಂದೆ.

"ಏನ್ ಓದಿದ್ದೀಯವ್ವ?"

"ಬಿಎಸ್ಸಿ. ಫಿಸಿಕ್ಸು."

"ಅಂಗಾದ್ರೆ ನೀನೇ ಏಳು, ಯಾಕೆ ಕಿರುಚ್ತು?"

ನಾನು ಹೇಳಿದೆ. ಸ್ಪೀಕರಿನ ಶಬ್ದ ಮೈಕಿಗೆ ಮರಳಿ ಹೋಗುತ್ತದೆ, ಅದು ಮತ್ತೆ ವರ್ಧನೆಯಾಗಿ ಹೊರಬರುತ್ತದೆ, ಹೀಗೆ ಸುತ್ತುತ್ತ ಬೆಳೆಯುತ್ತದೆ. ತಲೆ ಒಂದು ಕಡೆ ವಾಲಿಸಿ ಪೂರ್ತಿ ಕೇಳಿಸಿಕೊಂಡರು.

"ಸರ್ಯಾಗೇ ಏಳ್ದೆ ಕಣವ್ವ. ಸ್ಪೀಕರ್ ಒಂದ್ ಸರಿಸ್ಲಿಲ್ಲ, ಅಷ್ಟೇಯ."

ಹಿಂದೆ ನಿಂತಿದ್ದ ವಿದ್ಯಾರ್ಥಿಗಳೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಆ ದಿನದ ಡೈರಿಯಲ್ಲಿ ಅವರ ಇನ್ನೊಂದು ಮಾತೂ ಇದೆ, ಆಟೋ ಹತ್ತುವಾಗ ಹೇಳಿದ್ದು: "ಮೈಕು ತನ್ ದನಿ ತಾನೇ ಕೇಳಿಸ್ಕೊಂಡ್ರೆ ಕಿರುಚ್ತದೆ. ಬೇರೇರ ಮಾತು ಒಳೀಕೆ ಓಗ್ತಾ ಇರೋಗಂಟ ಸುಮ್ನಿರ್ತದೆ."

ಕಾಲೇಜಿನ ಸೆಟ್ಟನ್ನು ನಾವೇ ನಡೆಸಿಕೊಳ್ಳುವಂತಾಗಲಿ, ಕಲಿತುಕೊಂಡು ಬಾ ಎಂದು ಪ್ರಿನ್ಸಿಪಾಲರು ನನ್ನನ್ನು ಕಳಿಸಿದರು. ನಾಲ್ಕು ಭಾನುವಾರ ಎಂದು ಮಾತಾಗಿತ್ತು. ನಾಲ್ಕು ಮುಗಿದ ಮೇಲೂ ನಾನು ಹೋದೆ. ಯಾಕೆ ಎಂದು ಅವರು ಕೇಳಲಿಲ್ಲ. ಕಾರಣ ನನ್ನ ಡೈರಿಯಲ್ಲಿದೆ. ಈ ಊರಿಗೆ ಬಂದ ಹೊಸದರಲ್ಲಿ, ಭಾನುವಾರಗಳಂದು ಎಷ್ಟು ಜನರ ಹತ್ತಿರ ಮಾತಾಡಿದೆ ಎಂದು ಬರೆಯುತ್ತಿದ್ದೆ. ಎರಡು. ಎರಡು. ಒಂದು. ಎರಡು. ಒಬ್ಬರು ಹಾಲಿನವರು, ಇನ್ನೊಬ್ಬರು ಹೋಟೆಲಿನವರು. ನಂಜನಗೂಡಿಗೆ ಹೋಗತೊಡಗಿದ ಮೇಲೆ ಆ ಲೆಕ್ಕ ಬರೆಯುವುದನ್ನು ಬಿಟ್ಟೆ.

ಮೊದಲ ಮೂರು ಭಾನುವಾರ ಅವರು ಕಲಿಸಿದ್ದು ವೈರು ಸುತ್ತುವುದನ್ನು ಮಾತ್ರ. ಮೊಣಕೈಗೆ ಸುತ್ತಿದರೆ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. "ಇದೇನ್ ದನ ಕಟ್ಟೋ ಅಗ್ಗ ಅಂದ್ಕೊಂಡ್ಯಾ?" ಒಂದು ಸುತ್ತು ಮೇಲಿನಿಂದ, ಮುಂದಿನ ಸುತ್ತು ಒಳಗಿನಿಂದ ತಿರುವಿ. ಹಾಗೆ ಸುತ್ತಿದ ವೈರಿನ ತುದಿ ಹಿಡಿದು ಎಸೆದರೆ ಗಂಟಿಲ್ಲದೆ ನೇರ ಬೀಳುತ್ತದೆ. ನನಗೆ ಅದು ಕೂತದ್ದು ಅರವತ್ತೆಂಟನೆಯ ಸಲಕ್ಕೆ.

ಯಂತ್ರ ಹಚ್ಚುವ ಕ್ರಮ ಮಾತ್ರ ಒಂದೇ ಸಲಕ್ಕೆ ನೆನಪಿನಲ್ಲಿ ನಿಂತಿತು. ಮೊದಲು ಮಿಕ್ಸರು, ಕೊನೆಗೆ ಆಂಪ್ಲಿಫೈಯರು. ಆರಿಸುವಾಗ ಮೊದಲು ಆಂಪ್ಲಿಫೈಯರು. ಇಲ್ಲದಿದ್ದರೆ ಸ್ಪೀಕರಿನಲ್ಲಿ ಧಡ್ ಎಂದು ಹೊಡೆಯುತ್ತದೆ. ನಾನು ಎರಡು ಬಾಣಗಳನ್ನು ಹಾಕಿ ಚಿತ್ರ ಬರೆದುಕೊಳ್ಳುತ್ತಿದ್ದೆ. ಅವರು ಬಗ್ಗಿ ನೋಡಿ, "ಇದ್ಕೆ ಚಿತ್ರ ಬ್ಯಾರೆ ಬೇಕಾ? ಆಂಪ್ಲಿಫೈಯರು ಅಂದ್ರೆ ಬೀಗ್ರು ಕಣವ್ವ. ಎಲ್ಲಾರ್ಗಿಂತ ಕೊನೇಗೆ ಬತ್ತಾರೆ, ಎಲ್ಲಾರ್ಗಿಂತ ಮೊದ್ಲು ಎದ್ದೋಯ್ತಾರೆ. ಆ ಮರ್ವಾದೆ ತೆಪ್ಪುದ್ರೆ ಜಗಳ" ಎಂದರು.

ಮದುವೆಯ ಮೈಕು ಕಟ್ಟುವಾಗ ಅವರು ಹೀಗೆ ತಮಾಷೆ ಮಾಡುತ್ತಿರಲಿಲ್ಲ. ಮುಹೂರ್ತದ ಹೊತ್ತಿಗೆ ಪುರೋಹಿತರ ಮುಂದಿನ ಮೈಕನ್ನು ಮಿಕ್ಸರಿನಲ್ಲಿ ಪೂರ್ತಿ ಮುಚ್ಚಿಬಿಡುತ್ತಿದ್ದರು. ಮಂತ್ರ ಯಾರಿಗೂ ಕೇಳುತ್ತಿರಲಿಲ್ಲ. ಗಂಡಿನ ಕಡೆಯವರು ಬೈದರೂ ತೆರೆಯುತ್ತಿರಲಿಲ್ಲ. ಒಂಬತ್ತು ಮದುವೆ, ಒಂಬತ್ತು ಸಲ. ಅವರ ತಪ್ಪುಗಳು ಎಂದು ನನ್ನ ನೋಟ್‌ಬುಕ್ಕಿನಲ್ಲಿ ಒಂದು ಪುಟವಿತ್ತು. ಇದು ಅದರಲ್ಲಿ ಮೊದಲನೆಯದು.

ಮೈಕ್ ಪರೀಕ್ಷೆಗೆ ಅವರು "ಹಲೋ, ಹಲೋ" ಎನ್ನುತ್ತಿರಲಿಲ್ಲ. ಊದುತ್ತಿರಲಿಲ್ಲ. ಬೆರಳಿನಿಂದ ಬಡಿಯುವವರನ್ನು ಕಂಡರೆ, "ಅದರ ಕೆನ್ನೆಗೆ ಯಾಕ್ ಒಡೀತೀರಿ ಸಾ, ಏನ್ ತೆಪ್ ಮಾಡದೆ ಅದು?" ಎನ್ನುತ್ತಿದ್ದರು. ಅವರು ಹೇಳುತ್ತಿದ್ದದ್ದು ಐದು ಊರುಗಳ ಹೆಸರು. ತಾಂಡವಪುರ. ಸೋಸಲೆ. ಮೂಗೂರು. ಹೆಡತಲೆ. ಕವಲಂದೆ. ಒಂದೊಂದರ ನಡುವೆ ಎರಡು ಉಸಿರಿನಷ್ಟು ಬಿಡುವು. ಕೊನೆಗೆ, "ಕೇಳಿಸ್ತಾ?"

ಮೈದಾನದ ಕಟ್ಟಕಡೆಯ ಸಾಲಿನಲ್ಲಿ ನಿಂತಿರುವುದು ನನ್ನ ಕೆಲಸ. "ಕೇಳಿಸ್ತಾ?" ಎಂದಾಗ ಕೈ ಎತ್ತಬೇಕು.

ಯಾಕೆ ಈ ಊರುಗಳು ಎಂದು ಎರಡನೆಯ ತಿಂಗಳಲ್ಲಿ ಕೇಳಿದೆ. ತಾಂಡವಪುರದಲ್ಲಿ "ಪು" ಬರುತ್ತದೆ. ಮೈಕು ಬಾಯಿಗೆ ತೀರ ಹತ್ತಿರವಿದ್ದರೆ ಅಲ್ಲಿ ಗಾಳಿ ಬಡಿಯುತ್ತದೆ. ಸೋಸಲೆಯಲ್ಲಿ ಎರಡು "ಸ". ಸೀಟಿ ಹೊಡೆದಂತಾದರೆ ಮೇಲಿನ ಸ್ಥಾಯಿಯ ದನಿ ಇಳಿಸಬೇಕು. ಮೂಗೂರು ಎಂದಾಗ ಸಭಾಂಗಣ ಗುಂಯ್ ಎಂದರೆ ಕೆಳಗಿನ ಸ್ಥಾಯಿಯದನ್ನು ಇಳಿಸಬೇಕು. ಹೆಡತಲೆಯಲ್ಲಿ "ಹೆ"ಯ ಉಸಿರು. ಅದನ್ನು ಮಾತ್ರ ಆಮೇಲೆ ನನ್ನನ್ನು ಮೈಕಿನ ಹತ್ತಿರ ಕರೆದು ಇನ್ನೊಂದು ಸಲ ಹೇಳಿಸುತ್ತಿದ್ದರು. "ನಮ್ ಬಾಯಲ್ಲಿ ಎಡತಲೆ ಅಂತ್ಲೇ ಬರಾದು. ನೀನ್ ಓದಿರೋಳು, ಉಸುರು ಬುಟ್ಟು ಏಳು."

"ಕವಲಂದೆಯಲ್ಲಿ ಏನು ಪರೀಕ್ಷೆ ಅಣ್ಣಾ?"

"ಅದ್ರಲ್ಲಿ ಏನೂ ಇಲ್ಲ. ಕೊನೇಗೆ ಅಂತ ಒಂದ್ ಊರು ಬ್ಯಾಡ್ವಾ?"

"ಕವಲಂದೆ: ಕಾರಣ ಇಲ್ಲ" ಎಂದು ಬರೆದುಕೊಂಡೆ.

ಅವರ ಕೋಣೆ ನಂಜನಗೂಡಿನ ಒಂದು ಓಣಿಯ ಕೊನೆಯಲ್ಲಿ, ಹೂವಿನ ಅಂಗಡಿಯ ಹಿಂದಿತ್ತು. ಹನ್ನೊಂದು ಮೈಕು, ಆರು ಆಂಪ್ಲಿಫೈಯರು, ಒಂದು ತಟ್ಟೆ, ಒಂದು ಲೋಟ. ನಾನು ಹೋದಾಗ ಟೀಯನ್ನು ಲೋಟದಲ್ಲಿ ನನಗೆ ಕೊಟ್ಟು, ತಾವು ಚೊಂಬಿನಲ್ಲಿ ಕುಡಿಯುತ್ತಿದ್ದರು. ಮೂರು ವಾರ ನೋಡಿ ನಾನೊಂದು ಲೋಟ ತೆಗೆದುಕೊಂಡು ಹೋದೆ. "ಇದ್ಯಾಕವ್ವ ದಂಡ" ಎಂದರು. ಆದರೆ ಮುಂದಿನ ವಾರ ಎರಡು ಲೋಟಗಳನ್ನೂ ತೊಳೆದು ಬೋರಲು ಹಾಕಿದ್ದರು.

ಆ ಕೋಣೆಯಲ್ಲಿ ರೇಡಿಯೊ ಇರಲಿಲ್ಲ, ಟಿವಿ ಇರಲಿಲ್ಲ. ಖಾಲಿ ಸಭಾಂಗಣದಲ್ಲಿ ಯಾಕೆ ದನಿ ಅಷ್ಟು ಮೊಳಗುತ್ತದೆ ಎಂದು ಕೇಳಿದಾಗ ಅವರು ಹೇಳಿದ್ದು: "ಜನ ದನಿ ಕುಡೀತಾರೆ ಕಣವ್ವ. ಮೈ, ಬಟ್ಟೆ, ಎಲ್ಲಾ ಕುಡೀತವೆ. ಯಾರೂ ಇಲ್ದಿದ್ರೆ ಗ್ವಾಡೆ ಆಡಿದ್ದೇ ಆಡ್ತದೆ." ಹೇಳಿ ಸ್ವಲ್ಪ ಹೊತ್ತು ತಮ್ಮ ಗೋಡೆಯನ್ನು ನೋಡಿದರು.

ಒಂದು ಸೆಪ್ಟೆಂಬರಿನಲ್ಲಿ ನಮ್ಮ ಕಾಲೇಜಿನ ಶಿಕ್ಷಕರ ದಿನಾಚರಣೆಗೆ ಅವರಿಗೂ ಶಾಲು ಹೊದಿಸಿದರು. ಎರಡು ಮಾತಾಡಿ ಎಂದು ಪ್ರಿನ್ಸಿಪಾಲರು ಒತ್ತಾಯಿಸಿದರು. ಅವರು ಮೇಜಿನ ಹತ್ತಿರ ಬಂದರು, ಮೈಕನ್ನು ಜನರ ಕಡೆ ತಿರುಗಿಸಿದರು, ಬರೀ ಬಾಯಲ್ಲಿ "ನಮಸ್ಕಾರ" ಎಂದು ಕೈ ಮುಗಿದು ಇಳಿದುಬಿಟ್ಟರು. ಮಿಕ್ಸರಿಗೇ ಪೆನ್‌ಡ್ರೈವ್ ಹಾಕಿ ನಾನು ರೆಕಾರ್ಡ್ ಮಾಡುತ್ತಿದ್ದದ್ದರಿಂದ ಮೈಕಿಗೆ ಬಿದ್ದದ್ದು ಮಾತ್ರ ಅದರಲ್ಲಿ ಉಳಿಯುತ್ತಿತ್ತು. ಆ ದಿನದ ರೆಕಾರ್ಡಿಂಗಿನಲ್ಲಿ ಆರು ಸೆಕೆಂಡ್ ಏನೂ ಇಲ್ಲ, ಆಮೇಲೆ ಚಪ್ಪಾಳೆ ಇದೆ.

ಪರೀಕ್ಷೆಯ ಮಾತನ್ನು ನಾನು ರೆಕಾರ್ಡ್ ಮಾಡುತ್ತಿರಲಿಲ್ಲ. "ಟೆಸ್ಟಿಂಗು ಪ್ರೋಗ್ರಾಮ್ ಅಲ್ಲ" ಎಂದು ಮೊದಲ ದಿನವೇ ಅವರು ಹೇಳಿದ್ದರು. ಸ್ವಾಗತಗೀತೆಗೆ ಹಾರ್ಮೋನಿಯಂ ಶ್ರುತಿ ಹಿಡಿದ ಮೇಲೆಯೇ ನಾನು ಗುಂಡಿ ಒತ್ತುತ್ತಿದ್ದದ್ದು. ಒಂದು ಸಲ ಮಾತ್ರ ತಪ್ಪಿತು. ಹೋದ ಮಾರ್ಚ್ ೨, ಭಾನುವಾರ, ಕವಲಂದೆಯ ಒಂದು ಶಾಲೆಯ ವಾರ್ಷಿಕೋತ್ಸವ.

ಅವತ್ತು ಅವರು ಎರಡು ಸ್ಪೀಕರುಗಳಲ್ಲಿ ಒಂದನ್ನು ಮೈದಾನದ ಕಡೆಗಿಟ್ಟು, ಇನ್ನೊಂದನ್ನು ಕಾಂಪೌಂಡಿನ ಆಚೆಯ ಬೀದಿಗಳ ಕಡೆ ತಿರುಗಿಸಿದರು.

"ಅಣ್ಣಾ, ಆ ಕಡೆ ಜನ ಇಲ್ಲ."

"ಗಾಳಿ ಆ ಕಡೀಕೆ ಬೀಸ್ತಾ ಅದೆ."

"ಗಾಳಿಯೇ ಇಲ್ಲವಲ್ಲ."

"ಬುಡವ್ವ ಅತ್ಲಾಗಿ. ನಿನ್ ಫಿಸಿಕ್ಸ್ ನಿಂಗಿರ್ಲಿ."

ಅವರ ತಪ್ಪುಗಳ ಪುಟದಲ್ಲಿ ಅದನ್ನೂ ಸೇರಿಸಿದೆ. ಪೆನ್‌ಡ್ರೈವನ್ನು ಸಿಟ್ಟಿನಲ್ಲೇ ಚುಚ್ಚಿ, ಗುಂಡಿ ಒತ್ತಿ, ಕೊನೆಯ ಸಾಲಿಗೆ ಹೋಗಿ ನಿಂತೆ. ಅವರು ಊರುಗಳನ್ನು ಹೇಳಿದರು. "ಕೇಳಿಸ್ತಾ?" ಎಂದರು. ನಾನು ಕೈ ಎತ್ತಿದೆ. ಅವರು ನನ್ನ ಕಡೆ ನೋಡಲಿಲ್ಲ. ಆಚೆಯ ಹೆಂಚಿನ ಮನೆಗಳ ಕಡೆ ಮುಖ ಮಾಡಿ ಮೈಕು ಹಿಡಿದುಕೊಂಡೇ ನಿಂತರು. ನನ್ನ ತೋಳು ನೋಯುವಷ್ಟು ಹೊತ್ತು. ಆಮೇಲೆ ಮೈಕಿನ ಗುಂಡಿ ಆರಿಸಿದರು.

ಅಂದು ಕೋಣೆಗೆ ಬಂದು ಬರೆದದ್ದು ಹೀಗಿದೆ: "ಕವಲಂದೆ. ಮೊದಲ ೨ ನಿಮಿಷ ೫೨ ಸೆಕೆಂಡ್ ಟೆಸ್ಟಿಂಗ್ ಸೇರಿತ್ತು. ಕತ್ತರಿಸಿದೆ. ಮೂಲ ಫೈಲ್ ಅಳಿಸಿದೆ, ಎರಡು ಪ್ರತಿ ಇದ್ದರೆ ಲೆಕ್ಕ ತಪ್ಪುತ್ತದೆ."

ನವೆಂಬರ್ ೨೩ರ ಭಾನುವಾರ ಓಣಿಗೆ ಹೋದಾಗ ಬೀಗ ಹಾಕಿತ್ತು. ಹೂವಿನ ಅಂಗಡಿಯಾಕೆ ದಾರ ಬಿಡದೆ ಹೇಳಿದರು: "ಗುರುವಾರ ಬೆಳಗ್ಗೇನೇ ಓದ್ರಲ್ಲ ತಾಯಿ. ಎದೆ ಇಡ್ಕಂಡು ಕುಂತ್ರು. ಆಟೋ ತರೋ ಒತ್ಗೆ ಆಗೋಗಿತ್ತು. ನಿಂಗೆ ಯಾರೂ ಏಳ್ನಿಲ್ವಾ?" ಯಾರು ಹೇಳಬೇಕಿತ್ತು? ನನ್ನ ನಂಬರು ಇದ್ದದ್ದು ಅವರ ಫೋನಿನಲ್ಲಿ. ಅವರ ಫೋನಿನಿಂದ ನನಗೆ ಬರುತ್ತಿದ್ದದ್ದು ಮಿಸ್ಡ್ ಕಾಲ್ ಮಾತ್ರ. ಒಂದು ಅಂದರೆ ಬಾ, ಎರಡು ಅಂದರೆ ಬೇಡ.

ಮುಂದಿನ ಭಾನುವಾರ ಬೀಗ ತೆಗೆದಿತ್ತು. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ನೆಲದ ಮೇಲೆ ಕೂತು, ಎರಡು ಲೋಟಗಳನ್ನು ಮುಂದಿಟ್ಟುಕೊಂಡು ನೋಡುತ್ತಿದ್ದರು. ನನ್ನನ್ನು ಕಂಡು, "ಇನ್ನೊಂದು ಲ್ವಾಟ ನಿಂದಾ?" ಎಂದರು. ಹೌದು ಎಂದೆ. ಪಕ್ಕದಲ್ಲಿ ಕೂರಿಸಿಕೊಂಡರು. ಅವರು ತಂಗಿ. ಕೊಟ್ಟ ಊರು ಕವಲಂದೆ.

ಅವರು ಹೇಳಿದ್ದನ್ನು ಆ ದಿನವೇ ಬರೆದಿಟ್ಟುಕೊಂಡಿದ್ದೇನೆ. ಅಣ್ಣ ಜೀವನದಲ್ಲಿ ಮೊದಲ ಸಲ ಮೈಕು ಕಟ್ಟಿದ್ದು ತಂಗಿಯ ಮದುವೆಗೆ, ನಲವತ್ತು ವರ್ಷಕ್ಕೂ ಹಿಂದೆ. ಯಾರೂ ಕಲಿಸಿರಲಿಲ್ಲ. ಹಾರನ್ ಸ್ಪೀಕರನ್ನು ಮಂಟಪದ ಹಿಂದೆಯೇ ಕಟ್ಟಿದ್ದರು. ತಾಳಿ ಕಟ್ಟುವ ಹೊತ್ತಿಗೆ ಮೈಕು ಕಿರುಚಿತು. ಓಲಗ ನಿಂತಿತು, ಮಾವನವರ ಕೈಯ ಅಕ್ಷತೆ ಕೈಯಲ್ಲೇ ಉಳಿಯಿತು. ಅಪಶಕುನ ಎಂದು ಯಾರೋ ಅಂದರು. ಮರುವರ್ಷ ಮೊದಲ ಮಗು ಉಳಿಯಲಿಲ್ಲ. "ಅವತ್ತೇ ಕಿರುಚ್ತಲ್ಲ" ಎಂದರು ಅತ್ತೆ. ಆ ಮಾತು ಅಣ್ಣನ ಕಿವಿಗೆ ಬಿತ್ತು. ಆಮೇಲೆ ಅಣ್ಣ ಆ ಮನೆಯ ಹೊಸಿಲು ತುಳಿಯಲಿಲ್ಲ.

"ಆದ್ರೆ ನಮ್ಮೂರಿಗೆ ಬರಾದ್ ಬುಡ್ನಿಲ್ಲ ಕಣವ್ವ. ಮೈಕ್ ಕಟ್ಟಾಕೆ ವರ್ಸಕ್ ಎರಡ್ಸಲನಾದ್ರೂ ಬರೋನು. ಒಂದ್ ಆರನ್ ಸ್ಪೀಕರ್ನ ನಮ್ ಬೀದಿ ಕಡೀಕೆ ತಿರುಗ್ಸೋನು. ಊರ್ ಎಸ್ರು ಏಳೋನು. ಕೊನೇಗೆ ಕವಲಂದೆ ಅನ್ನೋನು, ಕೇಳಿಸ್ತಾ ಅನ್ನೋನು. ನಾನ್ ಒಲೆ ಮುಂದೆ ಕುಂತು ಊಂ ಅನ್ನೋಳು."

"ಅವರಿಗೆ ಕೇಳಿಸುತ್ತಿತ್ತಾ ಅಮ್ಮ?"

"ಎಂಗ್ ಕೇಳೀತು? ನನ್ ಮುಂದೆ ಮೈಕ್ ಇತ್ತಾ?"

ಅಷ್ಟು ಹೇಳಿ ನಕ್ಕರು. ಆಮೇಲೆ ಲೋಟದ ಅಂಚನ್ನು ಸೆರಗಿನಿಂದ ಒರೆಸುತ್ತ ಹೇಳಿದರು: "ನಡುವೆ ಮೂರ್ ಬೀದಿ ಅಷ್ಟೇಯ. ಅತ್ತೆ ಓದ್ಮ್ಯಾಲೆ ತಡೆಯೋರೂ ಇರ್ನಿಲ್ಲ. ಅವ್ನೇ ಬರ್ಲಿ ಅಂತ ನಾನು. ಅವ್ಳೇ ಕರೀಲಿ ಅಂತ ಅವ್ನು."

ನಲವತ್ತಮೂರು ಸಲ ನಾನು ಕೈ ಎತ್ತಿದ್ದೆ. ಆ ಪ್ರಶ್ನೆ ನನಗೇ ಎಂದುಕೊಂಡಿದ್ದೆ. ಕೈ ಎತ್ತುವಾಗ ನನಗೆ ಆಗುತ್ತಿದ್ದ ಸಂತೋಷವನ್ನು ಡೈರಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಇಷ್ಟು ದೊಡ್ಡ ಮೈದಾನದಲ್ಲಿ ಒಬ್ಬರು ನನ್ನನ್ನೇ ಕೇಳುತ್ತಿದ್ದಾರೆ ಎಂಬ ಸಂತೋಷ ಅದು. ತಪ್ಪುಗಳ ಪುಟವನ್ನು ಹರಿಯಲಿಲ್ಲ. ಅದರ ಮೇಲಿದ್ದ "ಅವರ" ಎಂಬುದನ್ನು ಹೊಡೆದು "ನನ್ನ" ಎಂದು ಬರೆದೆ.

"ಊವಿನ್ ಅಂಗ್ಡಿಯೋಳು ಅಂದ್ಲು, ನೀನು ಎಲ್ಲಾನೂ ರೆಕಾರ್ಡ್ ಮಾಡ್ಕಂಡಿದ್ದೀಯಂತಲ್ಲ. ಒಂದ್ಸಲ ಅವ್ನ್ ದನಿ ಕೇಳ್ಸವ್ವ" ಎಂದು ತಂಗಿ ಕೇಳಿದ್ದು ಆಗಲೇ.

ಇದೆ ಎಂದುಕೊಂಡೇ ಹೂಂ ಎಂದೆ. ಆರು ವಾರ ಹುಡುಕಿದೆ. ನಲವತ್ತಮೂರನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿದೆ, ಒಟ್ಟು ತೊಂಬತ್ತೊಂದು ಗಂಟೆ. ಭಾಷಣಗಳಿವೆ, ವಂದನಾರ್ಪಣೆಗಳಿವೆ, ಒಂದು ಕಡೆ ನಾಯಿ ಬೊಗಳಿದೆ. ಅವರಿಲ್ಲ. ಅಳಿಸಿದ ಎರಡು ನಿಮಿಷ ಐವತ್ತೆರಡು ಸೆಕೆಂಡಿಗಾಗಿ ಪೆನ್‌ಡ್ರೈವನ್ನು ಮೈಸೂರಿನ ಕಂಪ್ಯೂಟರ್ ಅಂಗಡಿಗೆ ಕೊಟ್ಟೆ. ಅದರ ಮೇಲೆ ಆಮೇಲಿನ ಹನ್ನೊಂದು ಕಾರ್ಯಕ್ರಮಗಳು ಕೂತಿವೆ, ಸಿಗುವುದಿಲ್ಲ ಎಂದರು.

ಜನವರಿ ೧೧ರಂದು ಕವಲಂದೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕತ್ತರಿಸಿದ್ದು ನಾನೇ ಎಂಬುದನ್ನೂ ಹೇಳಿದೆ. ತಂಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವ್ನು ಮುಟ್ಟಿದ್ದು ಅಂತ ಏನೂ ಇಲ್ವಾ ಅದ್ರಲ್ಲಿ?" ಎಂದರು.

ಒಂದು ಇತ್ತು. ಕಾರ್ಯಕ್ರಮ ಮುಗಿದು ಜನ ಎದ್ದ ಮೇಲೆ ಅವರೇ ವೇದಿಕೆ ಹತ್ತಿ ಮೈಕಿನ ಗುಂಡಿ ಆರಿಸುತ್ತಿದ್ದರು. ಪ್ರತಿ ರೆಕಾರ್ಡಿಂಗಿನ ತುದಿಯಲ್ಲೂ ಅದಿದೆ. ಕವಲಂದೆಯ ಶಾಲೆಯದನ್ನು ಹಾಕಿ, ಕೊನೆಗೆ ತಂದು, ಫೋನನ್ನು ಅವರ ಕೈಗೆ ಕೊಟ್ಟೆ. ರಾಷ್ಟ್ರಗೀತೆ ಮುಗಿಯಿತು. ಕುರ್ಚಿಗಳನ್ನು ಎಳೆದ ಸದ್ದು. ಹತ್ತಿರ ಬರುವ ಹೆಜ್ಜೆ. ಆಮೇಲೆ, ಟಕ್.

ತಂಗಿ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಊಂ" ಎಂದರು.

ಈಗ ಎಂಟು ಗಂಟೆ ಐದು ನಿಮಿಷ. ನಾನು ಕೇಳಬೇಕಾದದ್ದು ಇಷ್ಟು. ನಂಜನಗೂಡು, ಟಿ. ನರಸೀಪುರದ ಸುತ್ತಿನ ಊರುಗಳಲ್ಲಿ ಮಕ್ಕಳ ಶಾಲೆಯ ಕಾರ್ಯಕ್ರಮವನ್ನೋ ಮನೆಯ ಮದುವೆಯನ್ನೋ ನೀವು ವಿಡಿಯೊ ಮಾಡಿರಬಹುದು. ಮುಂದಿನ ಸಾಲು ಹಿಡಿಯಲು ಬೇಗ ಬಂದು, ಶುರುವಾಗುವ ಮೊದಲೇ ಫೋನ್ ಹಚ್ಚಿರಬಹುದು. ಖಾಲಿ ವೇದಿಕೆ, ಹೊಂದಿಸುತ್ತಿರುವ ಕುರ್ಚಿಗಳು, ಹಿಂದಿನಿಂದ ಒಬ್ಬ ಗಂಡಸು ಮೆಲ್ಲಗೆ ಊರುಗಳ ಹೆಸರು ಹೇಳುತ್ತಿರುವುದು ಕೇಳಿದರೆ, ಕೊನೆಯ ಊರು ಕವಲಂದೆಯಾಗಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ನನಗೊಂದು ಸಾಲು ಬರೆಯಿರಿ. ದಿನಾಂಕ ನೆನಪಿಲ್ಲದಿದ್ದರೂ ಪರವಾಗಿಲ್ಲ. ಚಿತ್ರ ಅಲುಗಾಡಿದ್ದರೂ, ನಡುವೆ ಮಕ್ಕಳು ಕೂಗಿದ್ದರೂ ಪರವಾಗಿಲ್ಲ. ಇದ್ದ ಹಾಗೇ ಕಳಿಸಿ. ದಯವಿಟ್ಟು ಏನನ್ನೂ ಕತ್ತರಿಸಬೇಡಿ.